ಕೊಳ್ಳುವವನ ಎರಡು ಕಷ್ಟಗಳು

ದನಗಳ ಜಾತ್ರೆಗೆ ಹೋಗಿರುವ ಓದುಗರು ಅಲ್ಲಿ ಒಂದು ವಿಚಿತ್ರ ನೋಟವನ್ನು ಕಂಡಿರಬಹುದು. ಕೊಳ್ಳುವವನೂ ದಲ್ಲಾಳಿಯೂ ಎದುರುಬದುರಾಗಿ ನಿಂತು, ಕೈಗಳ ಮೇಲೆ ಒಂದು ಟವೆಲನ್ನು ಹೊದಿಸಿಕೊಂಡು, ಅದರ ಮರೆಯಲ್ಲಿ ಒಬ್ಬರ ಬೆರಳನ್ನೊಬ್ಬರು ಹಿಡಿದು ಬೆಲೆ ಕುದುರಿಸುತ್ತಾರೆ. ಬಾಯಿಂದ ಒಂದು ಅಂಕಿಯೂ ಹೊರಬೀಳುವುದಿಲ್ಲ. ಪಕ್ಕದಲ್ಲಿ ನಿಂತವನಿಗೂ ಬೆಲೆ ತಿಳಿಯದು. ಆದರೆ ಕೈಯ ಮೇಲೆ ಟವೆಲು ಬೀಳುವುದಕ್ಕೆ ಮೊದಲು ರೈತನು ಒಂದು ಕೆಲಸವನ್ನು ತಪ್ಪದೆ ಮಾಡುತ್ತಾನೆ. ಎತ್ತಿನ ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ಬೆಲೆ ಮುಚ್ಚಿದ್ದರೂ ಸರಕು ತೆರೆದಿರಬೇಕು ಎಂಬುದು ಅವನ ನೀತಿ.

ಇನ್ನು ನಗರದ ಒಬ್ಬ ಗೃಹಸ್ಥನನ್ನು ನೋಡೋಣ. ಶನಿವಾರ ಸಂಜೆ ಆತನು ಒಂದು ದೊಡ್ಡ ಅಂಗಡಿಗೆ ಹೋಗಿ ಸಾಬೂನು, ಚಹಾಪುಡಿ, ಒಂದು ಕಿಲೋ ತೊಗರಿಬೇಳೆಯನ್ನು ಐದೇ ನಿಮಿಷದಲ್ಲಿ ಆರಿಸಿಕೊಳ್ಳುತ್ತಾನೆ. ಹಣ ಕೊಡುವುದಕ್ಕೆ ಇಪ್ಪತ್ತು ನಿಮಿಷ ಸಾಲಿನಲ್ಲಿ ನಿಲ್ಲುತ್ತಾನೆ. ಭಾನುವಾರ ಹಳೆಯ ಕಾರೊಂದನ್ನು ಕೊಳ್ಳಲು ಹೊರಡುತ್ತಾನೆ. ಅಲ್ಲಿ ಅವನನ್ನು ಕೂರಿಸಿ, ತಂಪು ಪಾನೀಯ ಕೊಟ್ಟು ಉಪಚರಿಸುತ್ತಾರೆ. ಆದರೂ ಅವನ ಮನಸ್ಸಿನಲ್ಲಿ ಒಂದೇ ಪ್ರಶ್ನೆ: ‘ಈ ಕಾರಿನ ಹಲ್ಲನ್ನು ಎಣಿಸುವುದು ಹೇಗೆ?’

ಕೊಳ್ಳುವವನ ಕಷ್ಟಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರೆ ಅವು ಬಹುಮಟ್ಟಿಗೆ ಈ ಎರಡರಲ್ಲಿ ಅಡಗುತ್ತವೆ. ಒಂದು, ಕಾಯುವ ಕಷ್ಟ. ಇನ್ನೊಂದು, ತಿಳಿಯದಿರುವ ಕಷ್ಟ. ಮಾರುವವನ ಮುಗುಳುನಗೆಯೂ ಸವಿಮಾತೂ ಒಳ್ಳೆಯವೇ. ಆದರೆ ಅವುಗಳಿಂದ ಸಾಲು ಗಿಡ್ಡವಾಗುವುದಿಲ್ಲ, ಸಂಶಯವೂ ತೀರುವುದಿಲ್ಲ. ಈ ಎರಡು ಕಷ್ಟಗಳಿಗೆ ಗಣಿತವೂ ವಿಜ್ಞಾನವೂ ಯಾವ ಮದ್ದನ್ನು ಹುಡುಕಿವೆ ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಕಟ್ಟೆಯ ಆಚೆಯಿಂದ ಈಚೆಗೆ

ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಅಮೆರಿಕದ ದಿನಸಿ ಅಂಗಡಿಯೂ ನಮ್ಮ ಊರಿನ ಶೆಟ್ಟರ ಅಂಗಡಿಯಂತೆಯೇ ಇದ್ದಿತು. ಸಾಮಾನೆಲ್ಲ ಕಟ್ಟೆಯ ಆಚೆಗೆ, ಕೊಳ್ಳುವವನು ಈಚೆಗೆ. ಪಟ್ಟಿಯನ್ನು ಓದಿ ಹೇಳಿದರೆ ಅಂಗಡಿಯ ಆಳು ಒಂದೊಂದನ್ನೇ ತಂದು, ತೂಗಿ, ಕಟ್ಟಿಕೊಡುತ್ತಿದ್ದನು. ಒಬ್ಬರ ಪಟ್ಟಿ ಮುಗಿಯುವವರೆಗೆ ಉಳಿದವರು ಕಾಯಬೇಕು.

1916ರ ಸೆಪ್ಟೆಂಬರ್ 6ರಂದು ಟೆನೆಸೀ ಪ್ರಾಂತದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತನು ‘ಪಿಗ್ಲಿ ವಿಗ್ಲಿ’ ಎಂಬ ಅಂಗಡಿಯನ್ನು ತೆರೆದು ಈ ಕ್ರಮವನ್ನು ತಲೆಕೆಳಗು ಮಾಡಿದನು. ಕೊಳ್ಳುವವರೇ ಬುಟ್ಟಿ ಹಿಡಿದು ಒಳಹೊಕ್ಕು, ಕಪಾಟುಗಳ ನಡುವಣ ಒಂದೇ ದಾರಿಯಲ್ಲಿ ಸಾಗಿ, ಬೇಕಾದುದನ್ನು ತಾವೇ ಎತ್ತಿಕೊಂಡು, ಕೊನೆಯಲ್ಲಿ ಹಣ ಕೊಟ್ಟು ಹೊರಬರಬೇಕು. ಪ್ರತಿಯೊಂದು ಸರಕಿಗೂ ಬೆಲೆಯ ಚೀಟಿ. ಮರುವರ್ಷವೇ ಆತನಿಗೆ ಈ ಏರ್ಪಾಡಿನ ಮೇಲೆ ಪೇಟೆಂಟು ದೊರೆಯಿತು. 1937ರಲ್ಲಿ ಒಕ್ಲಹೋಮಾ ನಗರದ ಅಂಗಡಿಕಾರ ಸಿಲ್ವನ್ ಗೋಲ್ಡ್‌ಮನ್, ಬುಟ್ಟಿ ಭಾರವಾದೊಡನೆ ಜನ ಕೊಳ್ಳುವುದನ್ನು ನಿಲ್ಲಿಸುವುದನ್ನು ಕಂಡು, ಮಡಿಸುವ ಕುರ್ಚಿಯಂಥ ಚೌಕಟ್ಟಿಗೆ ಗಾಲಿಗಳನ್ನು ಜೋಡಿಸಿ ತಳ್ಳುಗಾಡಿಯನ್ನು ಮಾಡಿಸಿದನು.

ಹೀಗೆ ಒಂದು ಕಡೆಯ ಕಾಯುವಿಕೆ ತಪ್ಪಿತು. ಆದರೆ ಇನ್ನೊಂದು ಕಡೆ ಬೆಳೆಯಿತು. ಅಂಗಡಿಯ ಎಲ್ಲೆಡೆಯಲ್ಲಿಯೂ ಹರಡಿಕೊಂಡಿದ್ದ ಜನ ಈಗ ಹೊರಬಾಗಿಲಿನ ಬಳಿ ಒಟ್ಟುಗೂಡಿದರು. ಅಲ್ಲಿ ಗುಮಾಸ್ತನು ಒಂದೊಂದು ಪೊಟ್ಟಣದ ಬೆಲೆಯನ್ನೂ ಕಣ್ಣಿನಿಂದ ಓದಿ ಬೆರಳಿನಿಂದ ಯಂತ್ರದ ಗುಂಡಿಯೊತ್ತಬೇಕಾಗಿತ್ತು.

ಗೆರೆಗಳ ಲಿಪಿ

ಈ ತೊಡಕಿಗೆ ಪರಿಹಾರವಾಗಿ ಬಂದದ್ದೇ ಇಂದು ಬೆಂಕಿಪೊಟ್ಟಣದ ಮೇಲೂ ಕಾಣುವ ಕಪ್ಪು-ಬಿಳಿ ಗೆರೆಗಳ ಗುರುತು, ಬಾರ್‌ಕೋಡ್. ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಎಂಬ ತರುಣನು ಮಯಾಮಿಯ ಸಮುದ್ರತೀರದಲ್ಲಿ ಕುಳಿತು, ತಂತಿವಾರ್ತೆಯ ಮೋರ್ಸ್ ಸಂಕೇತವನ್ನು ಯೋಚಿಸುತ್ತ ಮರಳಿನಲ್ಲಿ ಬೆರಳಾಡಿಸಿದನಂತೆ. ಚುಕ್ಕೆ ಮತ್ತು ಅಡ್ಡಗೆರೆಗಳನ್ನು ಕೆಳಕ್ಕೆ ಎಳೆದರೆ ತೆಳು ಗೆರೆ, ದಪ್ಪ ಗೆರೆಗಳಾಗುತ್ತವೆ! ಆತನಿಗೂ ಆತನ ಮಿತ್ರ ಬರ್ನಾರ್ಡ್ ಸಿಲ್ವರನಿಗೂ 1952ರಲ್ಲಿ ಪೇಟೆಂಟು ಸಿಕ್ಕಿತು. ಆದರೆ ಗೆರೆಗಳನ್ನು ಓದಬಲ್ಲ ಅಗ್ಗದ ಲೇಸರ್ ಬೆಳಕೂ ಸಣ್ಣ ಕಂಪ್ಯೂಟರೂ ಆಗ ಇರಲಿಲ್ಲ. ಸಿಲ್ವರ್ 1963ರಲ್ಲಿಯೇ ತೀರಿಕೊಂಡನು. ಐಬಿಎಂ ಸಂಸ್ಥೆಯ ಜಾರ್ಜ್ ಲಾರರ್ ಈಗಿನ ಆಯತಾಕಾರದ ಗುರುತನ್ನು ರೂಪಿಸಿದ ಮೇಲೆ, 1974ರ ಜೂನ್ 26ರಂದು ಒಹಾಯೋ ಪ್ರಾಂತದ ಟ್ರಾಯ್ ಪಟ್ಟಣದ ಒಂದು ಅಂಗಡಿಯಲ್ಲಿ ಮೊದಲ ಪೊಟ್ಟಣವು ಯಂತ್ರದ ಕಣ್ಣಿಗೆ ಬಿದ್ದಿತು. ಅದು ಚೂಯಿಂಗ್ ಗಮ್ಮಿನ ಪೊಟ್ಟಣ; ಬೆಲೆ 67 ಸೆಂಟು.

ಕಪ್ಪು ಗೆರೆ ಬೆಳಕನ್ನು ಹೀರುತ್ತದೆ. ಬಿಳಿಯ ಎಡೆ ಹಿಂದಿರುಗಿಸುತ್ತದೆ. ಹಿಂದಿರುಗಿದ ಬೆಳಕಿನ ಏರಿಳಿತದಿಂದ ಗೆರೆಗಳ ಅಗಲವನ್ನು ಯಂತ್ರವು ಅಳೆಯುತ್ತದೆ. ಒಂದೊಂದು ಅಂಕಿಗೂ 7 ಸಮಭಾಗಗಳಷ್ಟು ಅಗಲ. ಅದರೊಳಗೆ ಎರಡು ಕಪ್ಪು, ಎರಡು ಬಿಳಿ. ಗೆರೆಗಳಲ್ಲಿ ಅಡಗಿರುವುದು ಸರಕಿನ ಬೆಲೆಯಲ್ಲ, ಅದರ ಸಂಖ್ಯೆ ಮಾತ್ರ. ಬೆಲೆಯು ಅಂಗಡಿಯ ಕಂಪ್ಯೂಟರಿನಲ್ಲಿರುತ್ತದೆ.

ಓದುವಾಗ ಯಂತ್ರವು ತಪ್ಪಿದರೆ? ಅದಕ್ಕಾಗಿ 13 ಅಂಕಿಗಳಲ್ಲಿ ಕೊನೆಯದನ್ನು ತಾಳೆ ನೋಡುವುದಕ್ಕೆಂದೇ ಇರಿಸಿದ್ದಾರೆ. ಓದುಗರು ಕಾಗದ ಪೆನ್ಸಿಲು ತೆಗೆದುಕೊಳ್ಳಲಿ. 8901234567890 ಎಂಬ ಸಂಖ್ಯೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಎಡಗಡೆಯಿಂದ 1, 3, 5, 7, 9, 11ನೆಯ ಸ್ಥಾನದ ಅಂಕಿಗಳನ್ನು ಕೂಡಿದರೆ 8+0+2+4+6+8=28. 2, 4, 6, 8, 10, 12ನೆಯ ಸ್ಥಾನದವನ್ನು ಕೂಡಿದರೆ 9+1+3+5+7+9=34; ಇದನ್ನು 3ರಿಂದ ಗುಣಿಸಿದರೆ 102. ಒಟ್ಟು 130. ಇದಕ್ಕೆ ಎಷ್ಟು ಸೇರಿಸಿದರೆ ಹತ್ತರಿಂದ ಭಾಗವಾಗುವ ಸಂಖ್ಯೆ ಬರುತ್ತದೆಯೋ ಅದೇ ಕೊನೆಯ ಅಂಕಿ. 130 ಈಗಾಗಲೇ ಹತ್ತರಿಂದ ಭಾಗವಾಗುವುದರಿಂದ ಕೊನೆಯ ಅಂಕಿ 0. ಯಾವುದೇ ಒಂದು ಅಂಕಿಯನ್ನು ಯಂತ್ರವು ತಪ್ಪಾಗಿ ಓದಿದರೂ ಲೆಕ್ಕ ಕೂಡುವುದಿಲ್ಲ. ಯಂತ್ರವು ಆ ಓದನ್ನು ಒಪ್ಪುವುದಿಲ್ಲ. ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೂ ಸಾಮಾನ್ಯವಾಗಿ ಸಿಕ್ಕಿಬೀಳುತ್ತವೆ. ಅವುಗಳ ಅಂತರ 5 ಆದಾಗ ಮಾತ್ರ ತಪ್ಪಿಸಿಕೊಳ್ಳುತ್ತವೆ. ಏಕೆಂಬುದನ್ನು ಓದುಗರೇ ಕಂಡುಕೊಳ್ಳಬಹುದು. 890 ಎಂದು ಮೊದಲಾಗುವ ಸಂಖ್ಯೆಯೆಂದರೆ ಸರಕು ಭಾರತದಲ್ಲಿಯೇ ತಯಾರಾಯಿತೆಂದು ಹಲವರು ತಿಳಿಯುವುದುಂಟು. ಅದು ಸರಿಯಲ್ಲ. ಆ ಸಂಖ್ಯೆಯನ್ನು ಕೊಟ್ಟದ್ದು ಭಾರತದ ಸಂಸ್ಥೆ ಎಂಬುದಷ್ಟೇ ಅದರ ಅರ್ಥ.

ಸಾಲಿನ ಗಣಿತ

ಯಂತ್ರವು ಎಷ್ಟೇ ಚುರುಕಾದರೂ ಸಾಲು ಮಾತ್ರ ಮಾಯವಾಗಲಿಲ್ಲ. ಸಾಲು ಏಕೆ ಬೆಳೆಯುತ್ತದೆ ಎಂಬ ಪ್ರಶ್ನೆಗೆ ಉತ್ತರವು ಅಂಗಡಿಯಿಂದ ಬರಲಿಲ್ಲ, ದೂರವಾಣಿಯ ಕಚೇರಿಯಿಂದ ಬಂದಿತು. ಡೆನ್ಮಾರ್ಕಿನ ಆಗ್ನರ್ ಕ್ರಾರುಪ್ ಎರ್ಲಾಂಗ್ 1908ರಲ್ಲಿ ಕೋಪನ್‌ಹೇಗನ್ನಿನ ದೂರವಾಣಿ ಸಂಸ್ಥೆಯನ್ನು ಸೇರಿದ ಗಣಿತಜ್ಞನು. ಕರೆಗಳು ಯಾವಾಗ ಬರುತ್ತವೆಂದು ಯಾರೂ ಹೇಳಲಾರರು. ಹೀಗಿರುವಾಗ ಎಷ್ಟು ತಂತಿಗಳಿದ್ದರೆ ಸಾಕು? ಈ ಪ್ರಶ್ನೆಯನ್ನು ಆತನು ಸಂಭವನೀಯತೆಯ ಗಣಿತದಿಂದ ಬಿಡಿಸಲು ತೊಡಗಿ, 1909ರಲ್ಲಿ ತನ್ನ ಮೊದಲ ಲೇಖನವನ್ನು ಪ್ರಕಟಿಸಿದನು. ಸಾಲುಗಳ ಶಾಸ್ತ್ರಕ್ಕೆ ಅದೇ ತಳಹದಿಯಾಯಿತು.

ಒಂದು ಅಂಗಡಿಯಲ್ಲಿ ಒಬ್ಬ ಗುಮಾಸ್ತ, ಒಬ್ಬೊಬ್ಬ ಗ್ರಾಹಕನಿಗೂ ಸರಾಸರಿ 3 ನಿಮಿಷ ತೆಗೆದುಕೊಳ್ಳುತ್ತಾನೆಂದು ಇಟ್ಟುಕೊಳ್ಳೋಣ. ಎಂದರೆ ಗಂಟೆಗೆ 20 ಜನರನ್ನು ಆತ ಕಳುಹಿಸಬಲ್ಲ. ಗಂಟೆಗೆ 18 ಜನ ಬಂದರೆ ಸಾಲು ಇರಲಾರದೆಂದು ನಮಗೆ ತೋರುತ್ತದೆ. ಎಲ್ಲರೂ ಗಡಿಯಾರ ನೋಡಿಕೊಂಡು ಸಮಾನ ಅಂತರದಲ್ಲಿ ಬಂದು, ಪ್ರತಿಯೊಬ್ಬರ ಕೆಲಸವೂ ಸರಿಯಾಗಿ 3 ನಿಮಿಷದಲ್ಲಿ ಮುಗಿದರೆ ಅದು ನಿಜವೂ ಹೌದು. ಆದರೆ ಜನ ಹಾಗೆ ಬರುವುದಿಲ್ಲ. ಐದು ನಿಮಿಷ ಯಾರೂ ಇಲ್ಲ. ಆಮೇಲೆ ಒಮ್ಮೆಗೇ ನಾಲ್ವರು. ಆ ನಾಲ್ವರಲ್ಲೊಬ್ಬನ ಗಾಡಿ ತುಂಬಿ ತುಳುಕುತ್ತಿರುತ್ತದೆ. ಗುಮಾಸ್ತನು ಸುಮ್ಮನೆ ಕುಳಿತ ಐದು ನಿಮಿಷವನ್ನು ಡಬ್ಬಿಯಲ್ಲಿ ತುಂಬಿಟ್ಟು ಮುಂದೆ ಬಳಸಲು ಬರುವುದಿಲ್ಲ. ಕಳೆದ ಬಿಡುವು ಕಳೆದೇಹೋಯಿತು. ಬಂದ ನೂಕುನುಗ್ಗಲು ಮಾತ್ರ ಉಳಿಯಿತು.

ಜನರ ಬರವೂ ಅವರ ಕೆಲಸದ ಅವಧಿಯೂ ಹೀಗೆ ಪೂರ್ಣವಾಗಿ ಆಕಸ್ಮಿಕವಾಗಿದ್ದಾಗ ಸರಾಸರಿ ಕಾಯುವಿಕೆಗೆ ಸುಲಭವಾದ ಒಂದು ಸೂತ್ರವುಂಟು. ಗುಮಾಸ್ತನು ಕೆಲಸದಲ್ಲಿರುವ ಕಾಲವನ್ನು ಅವನ ಬಿಡುವಿನ ಕಾಲದಿಂದ ಭಾಗಿಸಿ, ಒಬ್ಬರಿಗೆ ಹಿಡಿಯುವ ಸಮಯದಿಂದ ಗುಣಿಸಬೇಕು. ಗಂಟೆಗೆ 15 ಜನ ಬಂದರೆ ಮುಕ್ಕಾಲು ಪಾಲು ಕೆಲಸ, ಕಾಲು ಪಾಲು ಬಿಡುವು. ಭಾಗಲಬ್ಧ 3, ಕಾಯುವಿಕೆ 9 ನಿಮಿಷ. 18 ಜನ ಬಂದರೆ ಹತ್ತರಲ್ಲಿ ಒಂಬತ್ತು ಪಾಲು ಕೆಲಸ, ಒಂದು ಪಾಲು ಬಿಡುವು. ಕಾಯುವಿಕೆ 27 ನಿಮಿಷ. ಇನ್ನೊಬ್ಬನೇ ಒಬ್ಬ ಹೆಚ್ಚಾಗಿ 19 ಜನ ಬಂದರೆ ಇಪ್ಪತ್ತರಲ್ಲಿ ಹತ್ತೊಂಬತ್ತು ಪಾಲು ಕೆಲಸ. ಕಾಯುವಿಕೆ 57 ನಿಮಿಷ! ಗುಮಾಸ್ತನನ್ನು ಒಂದು ಕ್ಷಣವೂ ಸುಮ್ಮನೆ ಕೂರಗೊಡಬಾರದೆಂದು ಹಟ ಹಿಡಿಯುವ ಯಜಮಾನನು ತನ್ನ ಗಿರಾಕಿಗಳನ್ನು ಬಾಗಿಲಿನಲ್ಲಿ ನಿಲ್ಲಿಸುತ್ತಾನೆ. ಗುಮಾಸ್ತನ ಸ್ವಲ್ಪ ಬಿಡುವು ಸೋಮಾರಿತನವಲ್ಲ. ಅದು ಸಾಲು ಬೆಳೆಯದಂತೆ ತಡೆಯುವ ಏರಿ.

ಇದೇ ಗಣಿತದಿಂದ ಇನ್ನೊಂದು ಮಾತೂ ತಿಳಿದುಬರುತ್ತದೆ. ಮೇಲಿನಂಥ ಇಬ್ಬರು ಗುಮಾಸ್ತರಿದ್ದು, ಗಂಟೆಗೆ 36 ಜನ ಬರುತ್ತಾರೆನ್ನೋಣ. ಅವರು ಎರಡು ಬೇರೆ ಬೇರೆ ಸಾಲುಗಳಾಗಿ, ಒಂದರಿಂದ ಇನ್ನೊಂದಕ್ಕೆ ದಾಟದೆ ನಿಂತರೆ ಸರಾಸರಿ 27 ನಿಮಿಷ ಕಾಯಬೇಕು. ಎಲ್ಲರೂ ಒಂದೇ ಸಾಲಿನಲ್ಲಿ ನಿಂತು, ತೆರವಾದ ಗುಮಾಸ್ತನ ಬಳಿಗೆ ಸರದಿಯಂತೆ ಹೋದರೆ ಸುಮಾರು 13 ನಿಮಿಷ ಸಾಕು. ಗುಮಾಸ್ತರು ಹೆಚ್ಚಲಿಲ್ಲ, ಸಂಬಳ ಏರಲಿಲ್ಲ; ಕಾಯುವಿಕೆ ಅರ್ಧಕ್ಕಿಂತಲೂ ಕಡಿಮೆಯಾಯಿತು. ಒಂದು ಸಾಲು ಖಾಲಿಯಾಗಿ ಇನ್ನೊಂದು ತುಂಬಿರುವ ಪ್ರಸಂಗವೇ ಇಲ್ಲಿ ಬರದು. ನಮಗಿಂತ ಹಿಂದೆ ಬಂದವನು ಪಕ್ಕದ ಸಾಲಿನಲ್ಲಿ ನಮಗಿಂತ ಮುಂದೆ ಹೋದನೆಂಬ ಸಂಕಟವೂ ಇಲ್ಲ. ಅನ್ಯಾಯದ ಕಾಯುವಿಕೆ ಉದ್ದವೆಂದು ತೋರುತ್ತದೆ. ಎಷ್ಟು ಹೊತ್ತೆಂದು ತಿಳಿಯದ ಕಾಯುವಿಕೆ ಇನ್ನೂ ಉದ್ದವೆಂದು ತೋರುತ್ತದೆ. ‘ಇಲ್ಲಿಂದ ಹತ್ತು ನಿಮಿಷ’ ಎಂಬ ಒಂದು ಫಲಕವೂ ಮನಸ್ಸಿಗೆ ನೆಮ್ಮದಿ ಕೊಡುವುದು ಇದರಿಂದಲೇ. ಇಲ್ಲಿಯೇ ನಮ್ಮ ಎರಡನೆಯ ಕಷ್ಟ, ಎಂದರೆ ತಿಳಿಯದಿರುವ ಕಷ್ಟ, ಇಣುಕುತ್ತದೆ.

ನೀರಿನಲ್ಲಿರುವ ಎಮ್ಮೆ

ಸಾಬೂನು ಕೆಟ್ಟದ್ದಾದರೆ ನಷ್ಟ ಕೆಲವು ರೂಪಾಯಿಗಳದ್ದು; ಮುಂದಿನ ಸಲ ಬೇರೆಯದನ್ನು ಕೊಳ್ಳಬಹುದು. ಕಾರಿನ ಮಾತು ಹಾಗಲ್ಲ. ಅನೇಕ ಕುಟುಂಬಗಳಿಗೆ ಅದು ಹಲವು ವರ್ಷಗಳ ಉಳಿತಾಯ. ನೀರಿನೊಳಗಿರುವ ಎಮ್ಮೆಗೆ ನೆಲದ ಮೇಲೆ ವ್ಯಾಪಾರ ಮಾಡಬಾರದೆಂದು ನಮ್ಮ ಹಿರಿಯರು ಎಚ್ಚರಿಸುತ್ತಾರೆ. ಹಳೆಯ ಕಾರು ಎಂತಹ ಎಮ್ಮೆಯೆಂದರೆ ಮಾರುವವನು ಅದನ್ನು ದಿನವೂ ಕರೆದು ಬಲ್ಲ. ಕೊಳ್ಳುವವನಿಗೆ ಕೊಂಬು ಮಾತ್ರ ಕಾಣುತ್ತದೆ.

ಇದರ ಪರಿಣಾಮವೇನೆಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಒಂದು ಚಿಕ್ಕ ಲೇಖನದಲ್ಲಿ ತೋರಿಸಿದರು. ಕೆಟ್ಟ ಕಾರಿಗೆ ಆ ದೇಶದ ಆಡುಮಾತಿನಲ್ಲಿ ‘ನಿಂಬೆಹಣ್ಣು’ ಎನ್ನುತ್ತಾರೆ. ಲೇಖನದ ಹೆಸರಿನಲ್ಲಿಯೂ ಆ ಮಾತೇ ಇತ್ತು. ಮೂರು ಪತ್ರಿಕೆಗಳು ಅದನ್ನು ಹಿಂದಿರುಗಿಸಿದ್ದುವು, ನಾಲ್ಕನೆಯದು ಅಚ್ಚುಹಾಕಿತು. 2001ರಲ್ಲಿ ಮೈಕೇಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಸ್ ಅವರೊಡನೆ ಅಕರ್‌ಲಾಫರಿಗೆ ನೊಬೆಲ್ ಬಹುಮಾನ ದೊರೆಯಿತು.

ಅವರ ವಾದದ ತಿರುಳನ್ನು ನಾವು ಐದು ಕಾರುಗಳಿಂದ ತಿಳಿಯಬಹುದು. ಒಂದೂರಿನಲ್ಲಿ ಹೊರಗಿನಿಂದ ಒಂದೇ ತೆರನಾಗಿ ಕಾಣುವ ಐದು ಹಳೆಯ ಕಾರುಗಳು ಮಾರಾಟಕ್ಕಿವೆ. ಅವುಗಳ ಒಳಗುಣವನ್ನು ಬಲ್ಲ ಒಡೆಯರು ಅವಕ್ಕೆ ಕ್ರಮವಾಗಿ 1, 2, 3, 4, 5 ಲಕ್ಷ ರೂಪಾಯಿಗಳ ಬೆಲೆ ಕಟ್ಟುತ್ತಾರೆ. ಅದಕ್ಕಿಂತ ಕಡಿಮೆಗೆ ಮಾರಲಾರರು. ಕೊಳ್ಳುವವರಿಗೆ ಕಾರಿನ ಅವಶ್ಯಕತೆ ಹೆಚ್ಚಾಗಿರುವುದರಿಂದ, ಅವರು ಪ್ರತಿಯೊಂದಕ್ಕೂ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚು ಕೊಡಲು ಸಿದ್ಧ. ಎಲ್ಲವೂ ತಿಳಿದಿದ್ದರೆ ಐದು ಕಾರುಗಳೂ ಮಾರಾಟವಾಗಿ ಹತ್ತು ಜನರೂ ಸುಖಪಡಬೇಕು.

ಆದರೆ ಯಾವುದು ಒಳ್ಳೆಯದೆಂದು ಕೊಳ್ಳುವವನಿಗೆ ತಿಳಿಯದು. ಆದ್ದರಿಂದ ಆತನು ಸರಾಸರಿಯನ್ನು ಹಿಡಿಯುತ್ತಾನೆ. ಐದರ ಸರಾಸರಿ 3 ಲಕ್ಷ. ಅದಕ್ಕೆ ಇಪ್ಪತ್ತರಷ್ಟು ಸೇರಿಸಿ 3.6 ಲಕ್ಷ ಕೊಡುತ್ತೇನೆನ್ನುತ್ತಾನೆ. ಕೂಡಲೇ 4 ಮತ್ತು 5 ಲಕ್ಷದ ಕಾರುಗಳ ಒಡೆಯರು ಮನೆಗೆ ಹಿಂದಿರುಗುತ್ತಾರೆ. ಉಳಿದವು ಮೂರು, ಸರಾಸರಿ 2 ಲಕ್ಷ, ಕೊಡುವ ಬೆಲೆ 2.4 ಲಕ್ಷ. ಈಗ 3 ಲಕ್ಷದವನೂ ಹೊರಟ. ಉಳಿದ ಎರಡರ ಸರಾಸರಿ ಒಂದೂವರೆ ಲಕ್ಷ; ಕೊಡುವ ಬೆಲೆ 1.8 ಲಕ್ಷ. 2 ಲಕ್ಷದವನೂ ಹೊರಟ. ಕೊನೆಗೆ ಎಲ್ಲಕ್ಕಿಂತ ಕೆಟ್ಟ ಕಾರೊಂದೇ ಸಂತೆಯಲ್ಲಿ ಉಳಿದು 1.2 ಲಕ್ಷಕ್ಕೆ ಮಾರಾಟವಾಗುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ; ಯಾರೂ ಕಳವು ಮಾಡಲಿಲ್ಲ. ತಿಳಿವು ಒಂದೇ ಪಕ್ಷದಲ್ಲಿದ್ದುದರಿಂದ ಒಳ್ಳೆಯ ಸರಕು ತಾನಾಗಿ ಪೇಟೆಯನ್ನು ಬಿಟ್ಟುಹೋಯಿತು. ಕೊಳ್ಳುವವನಿಗೆ ಮಾತ್ರವಲ್ಲ, ಪ್ರಾಮಾಣಿಕ ಮಾರಾಟಗಾರನಿಗೂ ಇದರಿಂದ ನಷ್ಟ. ಇದೇ ಲೇಖನದಲ್ಲಿ ಅಕರ್‌ಲಾಫ್, ಅಕ್ಕಿಯ ಬಣ್ಣದ ಕಲ್ಲನ್ನೇ ಬೆರಸಿ ಮಾರುವುದರಿಂದ ಭಾರತದ ಗೃಹಿಣಿ ಅಕ್ಕಿ ಆರಿಸಬೇಕಾಗಿ ಬಂದಿರುವುದನ್ನೂ ನಿದರ್ಶನವಾಗಿ ಕೊಟ್ಟಿದ್ದಾರೆ. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ನಮ್ಮ ಅಜ್ಜಿಯರು ಕಳೆದ ಗಂಟೆಗಳೆಲ್ಲ ಅಪನಂಬಿಕೆಗೆ ತೆತ್ತ ತೆರಿಗೆಯೆಂದೇ ಹೇಳಬೇಕು.

ಇದಕ್ಕೆ ಮದ್ದುಂಟೆ? ಉಂಟು. ಮೊದಲನೆಯದು ಗ್ಯಾರಂಟಿ. ‘ಒಂದು ವರ್ಷದೊಳಗೆ ಕೆಟ್ಟರೆ ನಾವೇ ಸರಿಮಾಡಿಸುತ್ತೇವೆ’ ಎಂದು ಬರೆದುಕೊಡುವುದು ಒಳ್ಳೆಯ ಕಾರಿನವನಿಗೆ ಅಗ್ಗ. ಕೆಟ್ಟ ಕಾರಿನವನಿಗೆ ಬಲು ದುಬಾರಿ. ಆದ್ದರಿಂದ ಮಾತಿಗಿಂತ ಆ ಕಾಗದವೇ ಕಾರಿನ ಗುಣವನ್ನು ಹೆಚ್ಚು ನಿಜವಾಗಿ ಹೇಳುತ್ತದೆ. ಎರಡನೆಯದು, ಎರಡು ಪಕ್ಷಕ್ಕೂ ಸೇರದ ಕುಶಲಿಯಿಂದ ಪರೀಕ್ಷೆ. ಮೂರನೆಯದು, ಕಾರಿನ ಚರಿತ್ರೆಯ ದಾಖಲೆ. 1981ರಿಂದೀಚೆಗೆ ಅಮೆರಿಕದಲ್ಲಿ ಪ್ರತಿಯೊಂದು ಕಾರಿಗೂ 17 ಅಕ್ಷರ-ಅಂಕಿಗಳ ಒಂದು ಗುರುತುಸಂಖ್ಯೆ ಇರುತ್ತದೆ. ಒಂದು ಮತ್ತು ಸೊನ್ನೆಗಳೊಡನೆ ಕಣ್ಣಿಗೆ ಗೊಂದಲವಾಗಬಾರದೆಂದು ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ. ಬಾರ್‌ಕೋಡಿನಲ್ಲಿರುವಂತೆ ಇಲ್ಲಿಯೂ ತಾಳೆ ನೋಡುವ ಒಂದು ಸ್ಥಾನವುಂಟು, ಅದು ಒಂಬತ್ತನೆಯದು. ಗ್ಯಾರಂಟಿ ಉಂಟೋ, ಇದ್ದಂತೆಯೇ ಮಾರಾಟವೋ ಎಂಬುದನ್ನು ತಿಳಿಸುವ ಚೀಟಿಯನ್ನು ಹಳೆಯ ಕಾರಿನ ಕಿಟಕಿಗೆ ಅಂಟಿಸಬೇಕೆಂಬ ನಿಯಮ ಆ ದೇಶದ ಕಾರು ವ್ಯಾಪಾರಿಗಳಿಗೆ 1985ರಲ್ಲಿ ಜಾರಿಗೆ ಬಂದಿತು.

ಟವೆಲಿನ ಮರೆಯ ಬೆಲೆ

ಹೊಸ ಕಾರಿನಲ್ಲಿ ಒಳಗುಣದ ಸಂಶಯ ಕಡಿಮೆ. ಆದರೆ ಬೆಲೆಯ ಸಂಶಯ ಉಳಿದೇ ಇರುತ್ತದೆ. ತಯಾರಕನು ಸೂಚಿಸಿದ ಬೆಲೆಯನ್ನು ಹೊಸ ಕಾರಿನ ಕಿಟಕಿಯ ಮೇಲೆ ಅಂಟಿಸಲೇಬೇಕೆಂಬ ಕಾನೂನು ಸೆನೆಟರ್ ಮೈಕ್ ಮನ್ರೋನಿಯವರ ಪ್ರಯತ್ನದಿಂದ ಅಮೆರಿಕದಲ್ಲಿ 1958ರಲ್ಲಿ ಆಯಿತು. ಆದರೆ ಅದು ಸೂಚಿಸಿದ ಬೆಲೆ ಮಾತ್ರ. ಚೌಕಾಶಿ ನಿಲ್ಲಲಿಲ್ಲ.

ಚೌಕಾಶಿಯಲ್ಲಿ ಜಾಣನಿಗೆ ಲಾಭವೆಂದು ನಾವೆಲ್ಲ ನಂಬಿದ್ದೇವೆ. ಇಯಾನ್ ಏರ್ಸ್ ಎಂಬ ಕಾನೂನು ವಿದ್ವಾಂಸರು ಇದನ್ನು ಒರೆಗೆ ಹಚ್ಚಿದರು. ಷಿಕಾಗೋ ಸುತ್ತಣ ಕಾರು ಮಳಿಗೆಗಳಿಗೆ ಬಿಳಿಯ ಗಂಡಸರನ್ನೂ, ಬಿಳಿಯ ಹೆಂಗಸರನ್ನೂ, ಕರಿಯ ಗಂಡಸರನ್ನೂ ಹೆಂಗಸರನ್ನೂ ಗ್ರಾಹಕರಂತೆ ಕಳುಹಿಸಿದರು. ಎಲ್ಲರಿಗೂ ಒಂದೇ ಬಗೆಯ ಉಡುಪು, ಒಂದೇ ಮಾತು, ಒಂದೇ ಚೌಕಾಶಿಯ ಪಾಠ. ಏರ್ಸ್ 1991ರಲ್ಲಿಯೂ, ಪೀಟರ್ ಸೀಗಲ್‌ಮನ್ ಅವರೊಡನೆ ಮುನ್ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಆಧರಿಸಿ 1995ರಲ್ಲಿಯೂ ಪ್ರಕಟಿಸಿದ ಫಲಿತಾಂಶ ಒಂದೇ: ಬಿಳಿಯ ಗಂಡಸರಿಗೆ ಹೇಳಿದ ಬೆಲೆಗಿಂತ ಹೆಚ್ಚಿನ ಬೆಲೆಯನ್ನು ಉಳಿದವರಿಗೆ ಹೇಳಲಾಗಿತ್ತು. ಅದೇ ಕಾರು, ಅದೇ ಮಾತು. ಮುಖ ಮಾತ್ರ ಬೇರೆ. ಟವೆಲಿನ ಮರೆಯ ಬೆಲೆಯು ಜಾಣತನವನ್ನಷ್ಟೇ ಅಲ್ಲ, ಮಾರುವವನ ಮನಸ್ಸಿನ ಭೇದಭಾವವನ್ನೂ ಮುಚ್ಚಿಕೊಂಡಿರುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಇನ್ನೊಂದು ಪ್ರಯೋಗದ ಫಲ ಸಂತೋಷಕರವಾಗಿದೆ. ಅಂತರಜಾಲದ ಮೂಲಕ ಬೆಲೆಗಳನ್ನು ತಿಳಿದು ಕಾರು ಕೊಂಡವರ ಲೆಕ್ಕಗಳನ್ನು ಫಿಯೋನಾ ಸ್ಕಾಟ್ ಮಾರ್ಟನ್ ಮತ್ತು ಅವರ ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಮಳಿಗೆಗೆ ನೇರವಾಗಿ ಹೋದಾಗ ಹೆಚ್ಚು ತೆರುತ್ತಿದ್ದ ಅಲ್ಪಸಂಖ್ಯಾತ ಜನಾಂಗದವರು ಅಂತರಜಾಲದ ಮೂಲಕ ಕೊಂಡಾಗ ಉಳಿದವರು ತೆರುವಷ್ಟನ್ನೇ ಬಹುಮಟ್ಟಿಗೆ ತೆತ್ತಿದ್ದರು. ತಿಳಿವು ಎಲ್ಲರ ಕೈಗೆ ಬಂದಾಗ ಬೆಲೆಯೂ ಸಮವಾಗುತ್ತದೆ.

ನಮ್ಮ ದೇಶದಲ್ಲಿ ಪೊಟ್ಟಣದ ಸರಕಿನ ಮೇಲೆ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆಯನ್ನು ಅಚ್ಚುಹಾಕಬೇಕೆಂಬ ನಿಯಮವಿದೆ. 1986ರ ಗ್ರಾಹಕ ಸಂರಕ್ಷಣಾ ಕಾನೂನಿನ ಸ್ಥಾನದಲ್ಲಿ 2019ರ ಹೊಸ ಕಾನೂನು ಬಂದಿದೆ. ಓದು ಬಾರದ ಮುದುಕಿಯೂ ಮಗುವಿನ ಕೈಗೆ ಹಣ ಕೊಟ್ಟು ಸಾಬೂನು ತರಿಸಬಹುದಾದರೆ, ಅದರ ಹಿಂದೆ ಆ ಅಚ್ಚಾದ ಅಂಕಿಯ ಬಲವಿದೆ.

ಕೊನೆಯದಾಗಿ ಓದುಗರಿಗೆ ಒಂದು ಸಣ್ಣ ಪ್ರಯೋಗ. 1961ರಲ್ಲಿ ಜಾನ್ ಲಿಟಲ್ ಎಂಬ ವಿದ್ವಾಂಸರು ಒಂದು ನಿಯಮವನ್ನು ಸಾಧಿಸಿ ತೋರಿಸಿದರು: ಒಳಗಿರುವ ಜನರ ಸರಾಸರಿ ಸಂಖ್ಯೆಯು, ನಿಮಿಷಕ್ಕೆ ಬರುವವರ ಸಂಖ್ಯೆಯನ್ನು ಒಬ್ಬೊಬ್ಬರು ಒಳಗಿರುವ ಸರಾಸರಿ ನಿಮಿಷಗಳಿಂದ ಗುಣಿಸಿದಷ್ಟಿರುತ್ತದೆ. ನಿಮ್ಮ ಊರಿನ ಅಂಗಡಿಯನ್ನೋ ನ್ಯಾಯಬೆಲೆ ಅಂಗಡಿಯನ್ನೋ ಒಂದು ಗಂಟೆ ನೋಡಿ. ನಿಮಿಷಕ್ಕೆ ಇಬ್ಬರು ಬರುತ್ತಿದ್ದು, ಆಗಾಗ ಎಣಿಸಿದಾಗ ಸರಾಸರಿ ಮೂವತ್ತು ಜನ ಒಳಗಿದ್ದರೆ, ಒಬ್ಬೊಬ್ಬರು ಅಲ್ಲಿ ಕಳೆಯುವ ಕಾಲ 15 ನಿಮಿಷ. ಗಡಿಯಾರ ಹಿಡಿದು ಯಾರ ಹಿಂದೆಯೂ ಹೋಗಬೇಕಾಗಿಲ್ಲ. ಆ ಲೆಕ್ಕವನ್ನು ಅಂಗಡಿಯವರಿಗೆ ವಿನಯದಿಂದ ತೋರಿಸಿ, ಸಾಲುಗಳು ಎರಡಿದ್ದರೆ ಒಂದು ಮಾಡಿ ನೋಡಬಾರದೇಕೆಂದು ಕೇಳಿ. ಬಿಸಿಲಿನಲ್ಲಿ ಚೀಲ ಹಿಡಿದು ನಿಂತ ಹಿರಿಯರೊಬ್ಬರಿಗೆ ಹತ್ತು ನಿಮಿಷ ಉಳಿದರೂ ನೀವು ಕಲಿತ ಗಣಿತ ಸಾರ್ಥಕವಾಯಿತೆಂದು ನಾವು ತಿಳಿಯುತ್ತೇವೆ.